ಕಣ್ಣಿನ ಬಿಳಿ

ಬಿಳಿಗೆ ಇಷ್ಟು ಹಳದಿ ಯಾಕೆ ಬೇಕಾಯಿತು, ಕೈ ತಾನೇ ಹೋಗಿ ಕುಂಚದ ತುದಿಯಲ್ಲಿ ಎತ್ತಿಕೊಂಡು ಬಂತು, ನಲವತ್ತು ವರ್ಷದಿಂದ ಹೀಗೇ, ಕಣ್ಣು ನೋಡುತ್ತದೆ, ಕೈ ಬೆರೆಸುತ್ತದೆ, ನಡುವೆ ನನ್ನನ್ನು ಯಾರೂ ಕೇಳುವುದಿಲ್ಲ — ಆದರೆ ಇದು ನೀಲಾಂಬಿಕಳ ಕಣ್ಣು, ನನ್ನ ಹೆಂಡತಿಯ ಕಣ್ಣಿನ ಬಿಳಿ, ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಾಳೆ, ಅರ್ಧ ಶಿಕಾರಿಪುರ ಬರೆದ್ರಿ, ನನ್ನೊಬ್ಬಳನ್ನ ಬರೀಲಿಲ್ಲ ಅಂತ ಮೂವತ್ತು ವರ್ಷ ಚುಚ್ಚಿದವಳು, ಮೂರು ದಿನದಿಂದ ಕೂರಿಸಿದ್ದೇನೆ, ಎಲ್ಲ ಮುಗಿದಿದೆ, ಸೆರಗು, ಓಲೆ, ಪೂಜೆ ಮುಗಿಸಿ ಹಚ್ಚಿಕೊಂಡ ವಿಭೂತಿ, ಕಣ್ಣು ಕೊನೆಗೆ, ಅದು ನನ್ನ ರೂಢಿ, ಕೊನೆಗೆ ಉಳಿಸಬಾರದಿತ್ತು. ಸೀರೆಯದೇ ಇರಬೇಕು, ಅರಿಸಿನ ಬಣ್ಣದ್ದು, ಹತ್ತು ಗಂಟೆಯ ಬಿಸಿಲು ಅದರ ಮೇಲೆ ಬಿದ್ದು ಮುಖಕ್ಕೆ ಹೊಡೆಯುತ್ತಿದೆ, ನೀಲಾ, ಆ ಬೂದು ಶಾಲು ಹೊದ್ದುಕೋ, ಯಾಕ್ರೀ, ಚಳಿ ಏನಿಲ್ಲಲ್ಲ, ಹೊದ್ದುಕೋ ಅಂದೆ, ಹೊದ್ದುಕೊಂಡಳು, ಗಲ್ಲದ ಕೆಳಗಿನ ಹಳದಿ ಹೋಯಿತು, ಕಣ್ಣಿನದು ಹೋಗಲಿಲ್ಲ. ತೋಳು ಕೆರೆದುಕೊಳ್ಳುತ್ತಿದ್ದಾಳೆ, ಅಲ್ಲಾಡಬೇಡ, ಏನ್ ಮಾಡ್ಲಿ, ಹದಿನೈದು ದಿನ ಆತು, ಮೈಯೆಲ್ಲ ನವೆ, ಯಾವ ಸೋಪು ಹಚ್ಚಿದ್ರೂ ಅಷ್ಟೆ — ಇದನ್ನು ಮೊದಲೂ ಹೇಳಿದ್ದಳು, ಊಟ ಸೇರುತ್ತಿಲ್ಲ ಅಂತಲೂ ಹೇಳಿದ್ದಳು, ನಾನು ಹೂಂ ಅಂದಿದ್ದೆ, ಕೆನ್ನೆಯ ಮೂಳೆ ಚೆನ್ನಾಗಿ ಎದ್ದು ಕಾಣುತ್ತಿದೆ, ಬರೆಯಲು ಸುಲಭ ಅಂತ ಖುಷಿಪಟ್ಟಿದ್ದೆ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಉಜ್ಜಪ್ಪನವರದೂ ಇದೇ ಬಣ್ಣ, ಆನವಟ್ಟಿಯ ಅಕ್ಕಿ ಗಿರಣಿಯ ಉಜ್ಜಪ್ಪ, ಆರು ವರ್ಷದ ಹಿಂದೆ, ಗಿರಣಿಗೆ ಇಪ್ಪತ್ತೈದು ತುಂಬಿತು ಅಂತ ಮಗ ಯೋಗೇಶ ಬರೆಸಿದ್ದು, ಎಂಟು ದಿನ ಬಸ್ಸಿನಲ್ಲಿ ಹೋಗಿ ಬಂದೆ, ಕೊನೆಯ ದಿನ ಕಣ್ಣು, ಕೈ ಹೀಗೇ ಹಳದಿಗೆ ಹೋಯಿತು, ತಡೆಯಲಿಲ್ಲ, ಕಂಡದ್ದನ್ನು ಬಚ್ಚಿಡಬಾರದು, ಡ್ರಾಯಿಂಗ್ ಮೇಷ್ಟ್ರು ವೀರಬಸಪ್ಪ ಕಲಿಸಿದ್ದೇ ಅದು, ತಾಳಗುಂದದ ಶಾಸನದ ಕಂಬದ ಮುಂದೆ ಬಿಸಿಲಲ್ಲಿ ಕೂರಿಸಿ, ನಾನು ಅಕ್ಷರವೆಲ್ಲ ಬರೆದು ಚಕ್ಕೆ ಎದ್ದ ಜಾಗ ಬಿಟ್ಟಿದ್ದೆ, ಯಾಕೋ ಬಿಟ್ಟಿ, ಚೆಂದ ಕಾಣಲ್ಲ ಸಾರ್, ಚೆಂದ ಮಾಡಾಕೆ ನೀ ಯಾರು, ಅಲ್ಲಿರೋದನ್ನ ಬರಿ — ಅಂದಿನಿಂದ ಹಾಗೇ ಬರೆದೆ, ಸಿಡುಬಿನ ಕಲೆ, ಮುರಿದ ಹಲ್ಲು, ಯಾರ ಮುಲಾಜೂ ನೋಡಲಿಲ್ಲ. ಯೋಗೇಶ ಚಿತ್ರದ ಮುಂದೆ ನಿಂತು ಎಲ್ಲ ಅಪ್ಪಯ್ಯನೇ, ಕಣ್ಣು ಯಾಕೆ ಹಳದಿ ಮಾಡಿದ್ರಿ, ಬೆಳ್ಳಗೆ ಮಾಡಿ ಕೊಡ್ರಿ ಅಂದ, ಉಜ್ಜಪ್ಪನವರು ನಕ್ಕರು, ಗಿರಣಿಯಾಗೆ ಕೂತ್ರಲ್ಲ, ನನ್ ಕಣ್ಣಾಗೂ ಭತ್ತ ಕಂಡಿರಬೇಕು ಅಂತ, ನನಗೆ ಬಸ್ಸಿನ ಅವಸರ, ಎರಡೂ ಕಣ್ಣಿಗೆ ಬಿಳಿ ಎಳೆದೆ, ಎಷ್ಟು ಹೊತ್ತಿನ ಕೆಲಸ, ಎರಡು ನಿಮಿಷ. ನಾಲ್ಕು ತಿಂಗಳಿಗೆ ಹೋಗಿಬಿಟ್ಟರು, ಪಿತ್ತಕೋಶದಲ್ಲಿ ಗಡ್ಡೆಯಂತೆ, ಮೊದಲೇ ಕಂಡಿದ್ದರೆ ಏನಾದರೂ ಮಾಡಬಹುದಿತ್ತು ಅಂದರಂತೆ ಡಾಕ್ಟರು — ಮೊದಲೇ ಕಂಡಿತ್ತು, ನನಗೆ ಕಂಡಿತ್ತು, ಬಳಿದು ಮುಚ್ಚಿದೆ. ಚಿತ್ರ ಈಗಲೂ ಗಿರಣಿಯಲ್ಲಿದೆ, ಹಾರ ಹಾಕಿದ್ದಾರೆ, ಕಣ್ಣು ಹಾಲಿನಷ್ಟು ಬಿಳಿ, ಈ ಮಾತನ್ನು ಯಾರಿಗೂ ಹೇಳಿಲ್ಲ, ಇವಳಿಗೂ ಹೇಳಿಲ್ಲ.

ಹೆದರಿಕೆಯಾಗುತ್ತಿದೆ, ಅಥವಾ ನನ್ನ ಕಣ್ಣಿನದೇ ತಪ್ಪೋ, ಹೌದು, ಅರವತ್ತೆರಡಾಯಿತು, ಹೋದ ವರ್ಷ ಕ್ಯಾಂಪಿಗೆ ಬಂದ ಕಣ್ಣಿನ ಡಾಕ್ಟರು ಹೇಳಿದ್ದರಲ್ಲ, ಪೊರೆ ಶುರುವಾಗಿದೆ, ಇನ್ನು ಬಿಳಿಯೆಲ್ಲ ಹಳದಿಯಾಗಿ ಕಾಣಬಹುದು, ಅವತ್ತು ಅದಕ್ಕೇ ಹೆದರಿದ್ದೆ, ಇವತ್ತು ಅದೇ ಇರಲಿ, ಪೊರೆಯೇ ಇರಲಿ, ಎರಡೂ ಕಣ್ಣು ಹೋಗಲಿ, ಇನ್ನೊಂದು ಗೆರೆ ಎಳೆಯದಿದ್ದರೂ ಸೈ, ತಪ್ಪು ನನ್ನದಾಗಿರಲಿ. ಸೊಂಟ ನೋವು ಅಂತ ಎದ್ದು ಬಂದಳು, ಚಿತ್ರದ ಮುಂದೆ ನಿಂತಳು, ಚೆಂದ ಬಂದೈತೆ ಕಣ್ರೀ, ಕಣ್ಣು ಯಾಕೆ ಹಳದಿ ಮಾಡಿದ್ರಿ, ಬೆಳ್ಳಗೆ ಮಾಡ್ರಿ — ಅದೇ ಮಾತು, ಬಿಳಿಯ ಟ್ಯೂಬು ಕೈಯಲ್ಲೇ ಇದೆ, ಮುಚ್ಚಳ ತೆಗೆದಿದೆ, ಎರಡು ನಿಮಿಷದ ಕೆಲಸ, ಇಲ್ಲ, ನೋಡಿಬಿಡೋಣ, ಪೊರೆಯಾದರೆ ಎಲ್ಲ ಬಿಳಿಯೂ ಹಳದಿಯಾಗಿ ಕಾಣಬೇಕು, ಕಿಟಕಿ ಕಡೆ ತಿರುಗು ನೀಲಾ, ಏನ್ರೀ ಹಂಗ್ ನೋಡ್ತೀರಿ, ನೋಡಿದೆ, ಹಣೆಯ ಮೇಲೆ ವಿಭೂತಿ, ಮೂರು ಬೆರಳು ಎಳೆದ ಪಟ್ಟಿ, ಬಿಳಿ, ಅಚ್ಚ ಬಿಳಿ, ನನ್ನ ಕಣ್ಣಿಗೆ ಏನೂ ಆಗಿಲ್ಲ. ಟ್ಯೂಬಿನ ಮುಚ್ಚಳ ಹಾಕಿದೆ, ಹೊರಡು, ಶಿವಮೊಗ್ಗಕ್ಕೆ ಹೋಗೋಣ, ದೊಡ್ಡಾಸ್ಪತ್ರೆಗೆ, ಈಗಲೇ, ಅವಳು ನಕ್ಕಳು, ಅಂತೂ ಬುದ್ಧಿ ಬಂತಲ್ಲ, ಕಣ್ಣು ತೋರಿಸ್ಕೊಳ್ರಿ ಅಂತ ವರ್ಷದಿಂದ ಹೇಳಾಕತ್ತೀನಿ, ತಡೀರಿ, ಸೀರೆ ಬದಲಿಸಿ ಬರ್ತೀನಿ, ಒಬ್ಬರನ್ನೇ ಕಳ್ಸಾಕಾಗಲ್ಲ, ನಾನು ಹೂಂ ಅಂದೆ, ಮತ್ತೆ ಹೂಂ, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು, ಹಣೆಯ ಮೇಲೆ ಬಿಳಿ, ಕೆಳಗೆ ಹಳದಿ, ಮೇಲೆ ಬಿಳಿ, ಕೆಳಗೆ ಹಳದಿ, ಬಿಳಿ, ಕೆಳಗೆ