ದೊಡ್ಡಿಗೆ ಬಿದ್ದ ಮೀನು

ಸಮುದ್ರ ಉಕ್ಕಿ ಗದ್ದೆಗೆ ಉಪ್ಪುನೀರು ನುಗ್ಗಿದವರಿಗೆಂದು ಬರೆದ ತರಬೇತಿ ಪುಸ್ತಕ ಮುಳಬಾಗಿಲು ತಾಲೂಕಿನ ಈಚಲಹಳ್ಳಿಗೆ ಹೇಗೆ ಬಂತೋ, ಕಳಿಸಿದವರಿಗೂ ಗೊತ್ತಿರಲಾರದು. ಆದರೆ ಮಹಿಳಾ ಸಂಘದ ಭಾರತಮ್ಮ ಅದರಲ್ಲಿ ತನಗೆ ಬೇಕಾದ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೀನು ಸಾಕುವ ತೇಲುವ ಪಂಜರ ನೀರು ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಈಗಿನ ಮಳೆಯ ಬುದ್ಧಿಗೆ ಅಂಥದ್ದೇ ಬೇಕು. ಬಾರದಿದ್ದರೆ ವರ್ಷಗಟ್ಟಲೆ ಇಲ್ಲ, ಬಂದರೆ ನಾಲ್ಕೇ ದಿನದಲ್ಲಿ ಕೆರೆ ಕೋಡಿ ಬೀಳುತ್ತದೆ, ಬಿಟ್ಟ ಮೀನೆಲ್ಲ ಆಂಧ್ರದ ಕಡೆ ಹೊರಟುಹೋಗುತ್ತವೆ.

ನಂಗಲಿಯ ಪಂಕ್ಚರ್ ಅಂಗಡಿಯ ಫಯಾಜ್ ಹಳೇ ಲಾರಿ ಟ್ಯೂಬುಗಳ ಮೇಲೆ ಹಲಗೆ ಬಿಗಿದು, ಕೆಳಗೆ ಬಲೆ ಇಳಿಬಿಟ್ಟು ಪಂಜರ ಮಾಡಿಕೊಟ್ಟ. ಅದರೊಳಗೆ ಬೆಕ್ಕಿನಂತೆ ಮೀಸೆ ಇರುವ ಕ್ಯಾಟ್‌ಫಿಶ್‌ನ ಎರಡು ಸಾವಿರ ಮರಿ. ಲಂಗರು ಅಂದರೇನೆಂದು ಯಾರೂ ಕಂಡಿರಲಿಲ್ಲವಾದ್ದರಿಂದ, ಮಿಕ್ಸಿ ಬಂದಮೇಲೆ ಹಿತ್ತಲು ಸೇರಿದ್ದ ಒರಳುಕಲ್ಲುಗಳನ್ನು ದನ ಕಟ್ಟುವ ಹಗ್ಗದಲ್ಲಿ ಕಟ್ಟಿ ನೀರಿಗೆ ಇಳಿಸಿದರು. ಐದು ತಿಂಗಳು ಭಾರತಮ್ಮ ಆ ಮೀನುಗಳಿಗೆ ಹೊತ್ತು ಹೊತ್ತಿಗೆ ಮೇವು ಹಾಕಿದಳು. ಗಂಡನಿಗೂ ಅಷ್ಟು ಹೊತ್ತಿಗೆ ಸರಿಯಾಗಿ ಬಡಿಸಿದವಳಲ್ಲ.

ಆಷಾಢದ ಗಾಳಿಗೆ ಹಗ್ಗ ಕಿತ್ತುಹೋಯಿತು. ಬೆಳಗಾಗುವಷ್ಟರಲ್ಲಿ ಪಂಜರ ಕೆರೆ ದಾಟಿ ಗೊಲ್ಲಪಲ್ಲಿಯ ದಡ ಸೇರಿತ್ತು.

ಹೋಗಿ ಹೋಗಿ ಗೊಲ್ಲಪಲ್ಲಿಗೇ ಹೋಗಬೇಕೇ? ಆ ಊರಿನ ಯಜಮಾನ ದೊಡ್ಡಮುನಿಯಪ್ಪ ಭಾರತಮ್ಮನ ಬೀಗ. ಮಗಳು ಆಶಾರಾಣಿಯನ್ನು ಆ ಮನೆಗೆ ಕೊಟ್ಟು ಎಂಟು ವರ್ಷವಾಯಿತು. ಹೆಣ್ಣು ಕೊಟ್ಟವಳೆಂದು ಭಾರತಮ್ಮ ಅವನೆದುರು ಒಮ್ಮೆಯೂ ದನಿ ಎತ್ತಿರಲಿಲ್ಲ, ಅವನು ಕೂರು ಎನ್ನುವವರೆಗೆ ಕೂತಿರಲಿಲ್ಲ. ಫಯಾಜನನ್ನು ಟ್ಯೂಬಿನ ತೆಪ್ಪದಲ್ಲಿ ನೀರಿನ ದಾರಿಗೆ ಕಳಿಸಿ, ತಾನು ಏರಿಯ ಮೇಲೆ ಓಡುತ್ತ ಬಂದಳು.

ಪಂಜರವನ್ನು ಹೊಂಗೆ ಮರಕ್ಕೆ ಕಟ್ಟಿ ಹಾಕಿದ್ದರು. ಮೊಣಕಾಲುದ್ದದ ನೀರು, ಉಳಿದದ್ದು ಕೆಸರು. ಬಲೆ ನೆಲಕ್ಕೆ ಕೂತು ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ಬಾಯಿ ಬಿಡುತ್ತಿದ್ದವು. ಅವುಗಳ ನಡುವೆ ಯಾರೋ ಸುರಿದಿದ್ದ ಒಂದು ಕ್ರೇಟ್ ಟೊಮೇಟೊ ತೇಲುತ್ತಿತ್ತು.

"ಬೀಡಾಡಿ ದನ ನಮ್ಮೂರಿಗೆ ನುಗ್ಗಿದ್ರೆ ದೊಡ್ಡಿಗೆ ಹಾಕ್ತೀವಿ," ಎಂದ ದೊಡ್ಡಮುನಿಯಪ್ಪ, ಮೀಸೆಯ ಮೇಲೆ ಕೈಯಾಡಿಸುತ್ತ. "ಇದೂ ಅಷ್ಟೇ. ಮೇವೂ ಹಾಕಿದೀವಿ. ದೊಡ್ಡೀಲಿರೋ ಹಸು ಹಾಲು ಮೇವು ಹಾಕಿದೋರಿಗೆ. ಅದು ಪದ್ಧತಿ."

"ಚೇಪಕು ಪಾಲೆಕ್ಕಡ ಮಾಮ?" ಎಂದು ಗುಂಪಿನಲ್ಲೊಬ್ಬ ಕೇಳಿದ. ಮೀನಿಗೆಲ್ಲಿಯ ಹಾಲು ಎನ್ನುವುದು ನ್ಯಾಯವಾದ ಪ್ರಶ್ನೆಯೇ.

"ಹಾಲಿಲ್ದಿದ್ರೆ ಅರ್ಧ ಮೀನು ಕೊಡ್ಲಿ," ಎಂದ ಯಜಮಾನ.

ಅರ್ಧ ಮೀನು! ಬಾಯಿಗೆ ಬಂದದ್ದನ್ನೆಲ್ಲ ಭಾರತಮ್ಮ ನುಂಗಿಕೊಂಡಳು. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು.

"ಆಗ್ಲಿ ಬೀಗ್ರೆ, ಪದ್ಧತಿ ಅಂದ್ಮೇಲೆ ಮುಗೀತು. ದೊಡ್ಡೀಲಿ ದನ ಸತ್ರೆ ಕಟ್ಟಿ ಹಾಕಿದೋರೇ ತುಂಬಿಕೊಡ್ಬೇಕು. ಅದೂ ಪದ್ಧತೀನೇ ಅಲ್ವಾ?"

"ಅಲ್ದೇ ಮತ್ತೆ," ಎಂದುಬಿಟ್ಟ ದೊಡ್ಡಮುನಿಯಪ್ಪ. ಹತ್ತು ಜನರ ಎದುರು ಇನ್ನೇನು ಹೇಳಿಯಾನು?

"ಹಂಗಾದ್ರೆ ಎಣಿಸಿಕೊಳ್ಳಿ. ಎರಡು ಸಾವ್ರ ತಲೆ ಇದಾವೆ. ನೆರಳಿಲ್ಲ, ನೀರಿಲ್ಲ. ಮಧ್ಯಾಹ್ನದವರೆಗೂ ತಡೆಯಲ್ಲ," ಎಂದವಳೇ ಯಾರೂ ಹೇಳದಿದ್ದರೂ ಮರದ ಬುಡದಲ್ಲಿ ಕೂತಳು.

ಅಷ್ಟರಲ್ಲಿ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. "ಒಂದಾಯ್ತು," ಎಂದಳು ಭಾರತಮ್ಮ. ಎಂದಳೇನೋ ನಿಜ, ಆದರೆ ಮುಖ ತಿರುಗಿಸಿಕೊಂಡಳು.

ಗುಂಪಿನಲ್ಲಿ ಗುಸುಗುಸು ಎದ್ದಿತು. ಎರಡು ಸಾವಿರ ಮೀನು ತುಂಬಿಕೊಡುವುದು ಯಾರು? ಎಲ್ಲರೂ ಯಜಮಾನನ ಮುಖ ನೋಡಿದರು. ಯಜಮಾನ ಪಂಚೆ ಎತ್ತಿಕಟ್ಟಿ ನೀರಿಗಿಳಿದ.

"ನೋಡ್ತಾ ನಿಂತಿದೀರಲ್ರೋ. ಹಗ್ಗ ಬಿಚ್ಚಿ, ಆಳಕ್ಕೆ ತಳ್ಳಿ."

ತಳ್ಳಿದರು. ನೀರು ಸೊಂಟಕ್ಕೆ ಬಂದಾಗ ಅರ್ಧ ಜನ ಹಿಂದೆ ಸರಿದರು, ಎದೆಗೆ ಬಂದಾಗ ಉಳಿದವರೂ ಸರಿದರು. ನೀರಿಲ್ಲದೆ ಇಪ್ಪತ್ತು ವರ್ಷ ಕ್ರಿಕೆಟ್ ಆಡಿದ ಕೆರೆಯಲ್ಲಿ ಈಜು ಕಲಿತವರಾದರೂ ಯಾರು? ಕಾಲಡಿಯ ಕೆಸರು ಜಾರಿದಾಗ ದೊಡ್ಡಮುನಿಯಪ್ಪ ಹೇಗೋ ಹಲಗೆ ಹಿಡಿದು ಪಂಜರದ ಮೇಲೆ ಹತ್ತಿಕೊಂಡ. ಅದಕ್ಕೇ ಕಾದಿದ್ದವನಂತೆ ಫಯಾಜ್ ತೆಪ್ಪ ತಂದು, ಪಂಜರಕ್ಕೆ ಹಗ್ಗ ಸಿಕ್ಕಿಸಿ, ಈಚಲಹಳ್ಳಿಯ ಕಡೆ ಹುಟ್ಟು ಹಾಕತೊಡಗಿದ.

"ಲೇ ಫಯಾಜು, ನಿಲ್ಸೋ."

"ಇದಕ್ಕೆ ಬ್ರೇಕ್ ಇಲ್ಲ ಯಜಮಾನ್ರೆ," ಎಂದ ಫಯಾಜ್ ಬಹಳ ವಿನಯದಿಂದ.

ಭಾರತಮ್ಮ ಕೆರೆ ಏರಿ ಸುತ್ತಿ, ಮೇವಿನ ಬಕೆಟ್ ಹಿಡಿದು ಈ ದಡಕ್ಕೆ ಬಂದು ನಿಂತಾಗ ಪಂಜರವೂ ಬಂತು. ದೊಡ್ಡಮುನಿಯಪ್ಪ ಎರಡೂ ಕೈಯಲ್ಲಿ ಹಲಗೆ ಅಪ್ಪಿಕೊಂಡು, ಕಾಲು ನೀರಿಗೆ ತಾಗದಂತೆ ಮಡಿಚಿಕೊಂಡು ಕೂತಿದ್ದ. ಇಡೀ ಸಂಘವೇ ದಡದಲ್ಲಿ ಸೇರಿತ್ತು.

"ಕಚ್ತವಾ ಇವು?" ಎಂದು ಪಂಜರದ ಮೇಲಿಂದಲೇ ಕೇಳಿದ.

ಭಾರತಮ್ಮ ಸೀರೆ ನೆನೆಯುವುದನ್ನೂ ಲೆಕ್ಕಿಸದೆ ಸೊಂಟದುದ್ದ ನೀರಿಗಿಳಿದು ಒಂದು ಹಿಡಿ ಮೇವು ಎರಚಿದಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಮೀಸೆ ಎದ್ದಿತು, ಹತ್ತು ಎದ್ದವು, ಇಡೀ ಪಂಜರ ಕೊತಕೊತ ಕುದಿಯಿತು. ಭಾರತಮ್ಮ ಜೋರಾಗಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಕೈ ಕೊಡಮ್ಮ, ಇಳೀತೀನಿ," ಎಂದ ಬೀಗ.

"ಸ್ವಲ್ಪ ಕೂತಿರಿ ಬೀಗ್ರೆ," ಎಂದಳು ಭಾರತಮ್ಮ, ಅವನ ಕಡೆ ತಿರುಗದೆ ಇನ್ನೊಂದು ಹಿಡಿ ಎರಚುತ್ತ. "ಮೀನಿನ ಊಟ ಆಗ್ಲಿ."

ಬೀಗರು ಕೂತರು.