ಲಾನ್ ಅಜ್ಜಿಯ ಚಪ್ಪಲಿ

ಹಾಂಗ್‌ಕಾಂಗ್‌ನ ಒಂದು ಮೇಲ್ಸೇತುವೆಯ ಕೆಳಗೆ ಲಾನ್ ಅಜ್ಜಿಯ ಚಪ್ಪಲಿಗೆ ಬೆಳಗಿನಿಂದ ಬಿಡುವಿರಲಿಲ್ಲ. ಗಿರಾಕಿಗಳಿಗೆ ಆಗದವರ ಹೆಸರು ಬರೆದ ಕಾಗದದ ಬೊಂಬೆಯನ್ನು ಇಟ್ಟಿಗೆಯ ಮೇಲಿಟ್ಟು, ಬಾಯ್ತುಂಬ ಬೈದು ಚಪ್ಪಲಿಯಿಂದ ಬಡಿಯುವುದು ಅವಳ ಕಸುಬು. "ಹುಟ್ಟಿಸೋಕೆ ಅಪ್ಪ ಇದ್ದ, ತಿದ್ದೋಕೆ ಅಮ್ಮ ಇರಲಿಲ್ಲ!" ಎಂದು ಅವಳು ಕೊನೆಯ ಏಟು ಹಾಕಿದರೆ ಗಿರಾಕಿಗಳ ಹೊಟ್ಟೆ ತಣ್ಣಗಾಗುತ್ತಿತ್ತು.

ಇವತ್ತು ಮಾತ್ರ ಅವಳ ಜೀವಕ್ಕೇ ನೆಮ್ಮದಿಯಿಲ್ಲ. ಮಗಳು ಯೂಟ್-ಕಿಂಗ್ ದಿನಾ ಮಧ್ಯಾಹ್ನ ಸೂಪಿನ ಫ್ಲಾಸ್ಕನ್ನು ಕಂಬದ ಬುಡದಲ್ಲಿಟ್ಟು ಹೋಗುತ್ತಾಳೆ, ಹತ್ತಿರ ಸುಳಿಯುವುದಿಲ್ಲ. ಯಾಕೆಂದು ನಿನ್ನೆ ಕೇಳಿದ್ದಕ್ಕೆ, "ನಿನ್ನ ಬೈಗುಳ ನಂಗೇ ಬಂದು ತಾಗತ್ತಮ್ಮ" ಎಂದಿದ್ದಳು. ಹಾಗಂದರೇನು? ಆಗಿನಿಂದ ತಲೆಯಲ್ಲಿ ಹುಳ ಕೊರೆಯುತ್ತಿತ್ತು.

ಅಷ್ಟರಲ್ಲಿ ಯಿಪ್ ಎಂಬ ಹೆಂಗಸು ಬಂದು ಒಬ್ಬ ಹುಡುಗಿಯ ಹೆಸರು ಬರೆದ ಬೊಂಬೆ ಕೊಟ್ಟಳು. "ನನ್ನ ಮಗನ್ನ ಮರುಳು ಮಾಡಿದಾಳೆ ಅಜ್ಜಿ. ಮುಂದಿನ ತಿಂಗಳು ಮದುವೆಯಂತೆ! ಮುರಿದು ಬೀಳೋ ಹಾಗೆ ಬಡೀರಿ."

"ಹುಡುಗಿ ಮಾಡಿದ್ದೇನು?"

"ಹಿರಿಯರಿದ್ದಾರೆ ಅನ್ನೋ ಖಬರಿಲ್ಲದೆ ಮೊದಲು ತನ್ನ ಬಟ್ಟಲಿಗೇ ಚಹಾ ಬಗ್ಗಿಸಿಕೊಂಡಳು! ನಾಲ್ಕು ವರ್ಷದವಳನ್ನ ಬಿಟ್ಟು ತಾಯಿ ದುಡಿಯೋಕೆ ಹೋದಳಂತೆ. ಇನ್ನೇನು ಕಲ್ತಿರ್ತಾಳೆ? ಆ ಮಾತು ಅನ್ನಿ ಅಜ್ಜಿ, ಅದಕ್ಕೇ ಬಂದಿದೀನಿ."

ಅಜ್ಜಿ ಚಪ್ಪಲಿ ಎತ್ತಿದಳು. "ಹುಟ್ಟಿಸೋಕೆ ಅಪ್ಪ ಇದ್ದ, ತಿದ್ದೋಕೆ..." ಮುಂದೆ ನಾಲಿಗೆ ಹೊರಳಲಿಲ್ಲ. ಐದು ವರ್ಷದ ಯೂಟ್-ಕಿಂಗ್‌ಳನ್ನು ಊರಲ್ಲಿ ಅತ್ತೆಯ ಹತ್ತಿರ ಬಿಟ್ಟು ತಾನೂ ಇಲ್ಲಿಗೆ ದುಡಿಯಲು ಬಂದವಳೇ. ಮಗಳನ್ನು ಕರೆಸಿಕೊಂಡಾಗ ಅವಳಿಗೆ ಹದಿನಾರು. ಅಯ್ಯೋ, ಇಷ್ಟು ವರ್ಷ ತಾನು ಬಡಿದದ್ದು ಯಾರನ್ನು!

"ಯಾಕೆ ನಿಲ್ಲಿಸಿದ್ರಿ?"

"ತಾನೇ ಬಗ್ಗಿಸಿಕೊಂಡಳು, ಸರಿ. ಅವಳಿಗೆ ಬಗ್ಗಿಸಿ ಕೊಡೋಕೆ ಯಾರಿದ್ರಮ್ಮ?"

"ಬುದ್ಧಿವಾದ ಬೇಡ ನಂಗೆ. ಇರೋನು ಒಬ್ಬನೇ ಮಗ. ತನ್ನ ತಾಯಿ ಹಾಗೆ ಇವಳೂ ಅವನ್ನ ಬಿಟ್ಟು ಹೋದ್ರೆ?" ಯಿಪ್ ಬೊಂಬೆಯನ್ನು ಅಜ್ಜಿಯ ಮುಂದಕ್ಕೆ ತಳ್ಳಿದಳು.

ಅಜ್ಜಿ ಚಪ್ಪಲಿಯನ್ನು ಅವಳ ಕೈಗೇ ಕೊಟ್ಟು, ಬೊಂಬೆಯನ್ನು ಸರಿಸಿ, ತನ್ನ ಅಂಗೈಯನ್ನು ಇಟ್ಟಿಗೆಯ ಮೇಲೆ ಚಾಚಿದಳು.

"ಬಿಟ್ಟು ಬಂದ ತಾಯಿ ಇಲ್ಲೇ ಇದೀನಿ ಕಣಮ್ಮ. ಬಡಿಯೋದಿದ್ರೆ ನನ್ನ ಬಡಿ. ಮಕ್ಕಳದ್ದೇನು ತಪ್ಪು?"

ಯಿಪ್ ಚಪ್ಪಲಿ ಹಿಡಿದು ನಿಂತಳು, ಕೈ ಏಳಲಿಲ್ಲ. ಅದನ್ನು ಕೆಳಗಿಟ್ಟು, ಬೊಂಬೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಏನೋ ಗೊಣಗುತ್ತ ಹೊರಟುಹೋದಳು.

ಕಂಬದ ಮರೆಯಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ ಯೂಟ್-ಕಿಂಗ್ ಈಚೆ ಬಂದಳು. ಗಿರಾಕಿಗಳ ಸ್ಟೂಲನ್ನು ಎಳೆದುಕೊಂಡು ಅಮ್ಮನ ಪಕ್ಕದಲ್ಲಿ ಕೂತು, "ಕುಡಿ, ಆರಿ ಹೋಗತ್ತೆ" ಎಂದಳು.

ಅಜ್ಜಿ ಫ್ಲಾಸ್ಕನ್ನು ಅವಳ ಕೈಯಿಂದ ತೆಗೆದುಕೊಂಡು, ಮೊದಲು ಮಗಳಿಗೆ ಬಗ್ಗಿಸಿಕೊಟ್ಟಳು.