ಹೆಸರಿಲ್ಲದ ಮುಯ್ಯಿ

ಶುಲಮಿತ್ ಅವಸ್ಕರ್ ಮಹಾ ಹಟಮಾರಿ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದ ಯಹೂದಿ ಹುಡುಗಿ, ಈಗ ಗಲ್ಫಿನ ದುಖಾನ್ ಎಂಬ ಊರಿನ ಒಂದು ಸರಬರಾಜು ಕಂಪನಿಯ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಸಂಬಳ ಬಂದ ದಿನವೇ ಹತ್ತರಲ್ಲೊಂದು ಪಾಲು ಎತ್ತಿಡಬೇಕು. ಅದು ನಮ್ಮದಲ್ಲ, ಇಲ್ಲದವರದ್ದು ಎಂದು ಅಜ್ಜಿ ಕಲಿಸಿದ್ದಳು. ಕೊಟ್ಟವರು ಯಾರೆಂದು ತೆಗೆದುಕೊಂಡವರಿಗೆ ತಿಳಿಯಬಾರದು, ಅವರ ತಲೆ ತಗ್ಗಬಾರದು ಎಂದೂ ಹೇಳಿದ್ದಳು. ಶುಲಮಿತ್ ಎರಡನ್ನೂ ಒಂದು ತಿಂಗಳೂ ತಪ್ಪಿಸಿದವಳಲ್ಲ.

ಈ ಸಲ ಅವಳ ಕಣ್ಣಿಗೆ ಬಿದ್ದವನು ತನಿಯ. ಉಡುಪಿ ಕಡೆಯವನು, ಅದೇ ಕಂಪನಿಯ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಭುಜ ಕೈಕೊಟ್ಟಿತ್ತು. ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡರೆ ಡ್ರೈವರ್ ಕೆಲಸ, ಇಲ್ಲವಾದರೆ ತಿಂಗಳ ಕೊನೆಗೆ ಊರಿಗೆ ಟಿಕೆಟ್ ಎಂದಿತ್ತು ಕಂಪನಿ. ಊರಿನಲ್ಲಿ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಡ್ರೈವಿಂಗ್ ಸ್ಕೂಲಿನ ಫೀಸು ಕೇಳಿಯೇ ಅವನು ಸುಮ್ಮನಾಗಿದ್ದ.

ಶುಲಮಿತ್ ಆ ಫೀಸನ್ನು ಲಕೋಟೆಗೆ ಹಾಕಿ ಗೋದಾಮಿನ ಸೂಪರ್‌ವೈಸರ್ ಲ್ಯಾನ್ಸ್‌ಲಾಟ್ ಕೈಗೆ ಕೊಟ್ಟಳು. "ಹೆಸರು ಹೇಳಬ್ಯಾಡ್ರಿ," ಎಂದು ಮೂರು ಸಲ ಹೇಳಿದಳು.

ಮರುದಿನವೇ ಲಕೋಟೆ ವಾಪಸು!

"ಬೇಡವಂತೆ ಮಾರಾಯ್ತಿ," ಎಂದ ಲ್ಯಾನ್ಸ್‌ಲಾಟ್. "ಯಾರದ್ದೂಂತ ಗೊತ್ತಿಲ್ಲದೆ ಮುಟ್ಟುವುದಿಲ್ಲವಂತೆ. ಹೆಸರಿಲ್ಲದವರಿಗೆ ಮುಯ್ಯಿ ತೀರಿಸುವುದು ಹೇಗೆ ಅಂತ ನನ್ನನ್ನೇ ಕೇಳ್ತಾನೆ. ನಾಡಿದ್ದು ಫೀಸು ಕಟ್ಟುವ ಕೊನೇ ದಿನ. ನೀನೇ ಹೋಗಿ ಹೇಳು."

ಅಯ್ಯೋ, ಒಳ್ಳೆಯ ಕೆಲಸಕ್ಕೂ ಇಷ್ಟು ಪಜೀತಿಯೇ! ಶುಲಮಿತ್‌ಗೆ ಮೈಯೆಲ್ಲ ಉರಿದುಹೋಯಿತು. ಆದರೆ ಮುಯ್ಯಿ ಎಂಬ ಮಾತು ಅವಳನ್ನು ಬಿಡಲಿಲ್ಲ. ಹುಬ್ಬಳ್ಳಿಯ ಮದುವೆಗಳಲ್ಲಿ ಅವಳೂ ನೋಡಿದವಳೇ. ಅವರು ಸೀರೆ ಕೊಟ್ಟರೆ ಅವರ ಮನೆಯ ಮದುವೆಗೆ ಇವರು ಸೀರೆ ಒಯ್ಯಬೇಕು. ತಿರುಗಿ ಕೊಡಲಾಗದ್ದನ್ನು ತೆಗೆದುಕೊಂಡರೆ ತನಿಯನ ತಲೆ ತಗ್ಗುತ್ತದೆ. ಅಜ್ಜಿ ಬೇಡವೆಂದದ್ದು ಅದನ್ನೇ ಅಲ್ಲವೇ?

ಇನ್ನೊಂದೂ ಇತ್ತು, ಅದನ್ನು ತನಗೆ ತಾನೇ ಒಪ್ಪಿಕೊಳ್ಳಲು ಅವಳಿಗೆ ನಾಚಿಕೆಯಾಯಿತು. ಅವಳ ಹೆಸರು ಕೇಳಿ ಇಲ್ಲಿ ಎಲ್ಲರೂ ಕ್ರಿಶ್ಚಿಯನ್ ಎಂದುಕೊಂಡಿದ್ದರು. ಅಕೌಂಟ್ಸಿನ ಮಟಿಲ್ಡಾ ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿ ತಂದು ಕೊಟ್ಟಾಗಲೂ ನಕ್ಕು ಸುಮ್ಮನಿದ್ದಳು. ಯಾರೂ ಏನೂ ಅಂದಿರಲಿಲ್ಲ, ಯಹೂದಿ ಎಂದು ಗೊತ್ತಾದರೆ ಏನೆನ್ನುವರೋ ಎಂಬ ಹೆದರಿಕೆ ಅವಳದ್ದೇ. ಹೆಸರು ಮುಚ್ಚಿಟ್ಟದ್ದು ಬರೀ ತನಿಯನಿಗಾಗಿ ಅಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ನೆಟ್ಟಗೆ ಗೋದಾಮಿಗೆ ನಡೆದಳು. ತನಿಯ ಒಂದೇ ಕೈಯಲ್ಲಿ ಬುತ್ತಿ ಬಿಚ್ಚುತ್ತಿದ್ದ.

"ತನಿಯಣ್ಣಾ, ಲಕೋಟೆ ನಂದು," ಎಂದಳು. "ತಗೋಬೇಕು ನೀವು."

"ನಿಮ್ಮದಾ? ನನಗೆ ಎಂತಕ್ಕೆ ಕೊಡುದು ಅಕ್ಕ? ನಾನು ನಿಮಗೆ ಎಂತ ಆಗ್ಬೇಕು?"

"ಏನೂ ಆಗಬೇಕಾಗಿಲ್ರಿ. ನಮ್ಮ ಮನ್ಯಾಗ ಇದಕ್ಕ ದಾನ ಅನ್ನಂಗಿಲ್ಲ. ಇದು ನ್ಯಾಯ, ಮಾಡಲೇಬೇಕು." ಲಕೋಟೆಯನ್ನು ಅವನ ಬುತ್ತಿಯ ಪಕ್ಕ ಇಟ್ಟಳು. "ನಾ ಕ್ರಿಶ್ಚಿಯನ್ ಅಲ್ರಿ. ಯಹೂದಿ. ಯಾರದು ಅಂತ ಕೇಳಿದ್ರಲ್ಲ, ಅದಕ್ಕ ಹೇಳಿದೆ. ಈಗ ಬ್ಯಾಡ ಅಂದರೂ ನಾ ಬಿಡಾಕಿ ಅಲ್ಲ."

ತನಿಯ ಅವಳನ್ನೇ ನೋಡಿದ.

"ನಿಮ್ಮವರು ಇಲ್ಲಿ ಎಷ್ಟು ಜನ ಉಂಟು?"

"ನನಗ ಗೊತ್ತಿದ್ದಂಗ ನಾ ಒಬ್ಬಾಕಿನೇ."

"ಹಾಗಾದ್ರೆ ಹಬ್ಬಕ್ಕೆ ನಿಮ್ಮ ಮನೆಗೆ ಯಾರು ಬರುದು?"

ಮೂರು ವರ್ಷ ಬಾಗಿಲು ಹಾಕಿಕೊಂಡು ಒಬ್ಬಳೇ ದೀಪ ಹಚ್ಚಿದ್ದಳು. ಕಣ್ಣು ತುಂಬಿ ಬಂತು.

"ಯಾರೂ ಇಲ್ರಿ," ಎಂದಳು.

ತನಿಯ ಕೈ ಒರೆಸಿಕೊಂಡು ಲಕೋಟೆ ತೆಗೆದುಕೊಂಡ.

"ಮುಂದಿನ ಹಬ್ಬ ಯಾವಾಗಾಂತ ಹೇಳಿ ಅಕ್ಕ," ಎಂದ. "ನಾನು ಬರ್ತೇನೆ."